ಮಳೆಯ ಲೆಕ್ಕವೂ ಮೋಡದ ಕೂಲಿಯೂ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭ್ಯಾಸ ಲೇಖನ)

ಮಲೆನಾಡಿನಲ್ಲಿ ಹುಟ್ಟಿದವನಿಗೆ ಮಳೆಯ ಪಾಠವನ್ನು ಯಾರೂ ಹೇಳಬೇಕಾಗಿಲ್ಲ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಗಳನ್ನು ನೆಂಟರಂತೆ ಹೆಸರು ಹಿಡಿದು ಕರೆಯುವ ಜನ ನಾವು. ಆದರೆ "ಎಷ್ಟು ಮಳೆಯಾಯಿತು?" ಎಂಬ ಪ್ರಶ್ನೆಗೆ ಹೆಸರಿನಿಂದ ಉತ್ತರ ಬಾರದು, ಅಳೆಯಬೇಕು. ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಈ ಅಳೆಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ತೋಟದವರು ಇಂದಿಗೂ ಮಿಲಿಮೀಟರ್ ಎನ್ನುವುದು ಕಡಿಮೆ. "ನಿನ್ನೆ ಎರಡು ಇಂಚು ನಲವತ್ತು ಸೆಂಟು" ಎನ್ನುತ್ತಾರೆ. ಇಂಚಿಗೆ ನೂರು ಸೆಂಟು. ಈ ಸೆಂಟಿಗೂ ಜಮೀನಿನ ಸೆಂಟಿಗೂ ಸಂಬಂಧವಿಲ್ಲವೆಂಬುದನ್ನು ಘಟ್ಟದ ಕೆಳಗಿನಿಂದ ಬಂದಿರುವ ಗೆಳೆಯರಿಗಾಗಿ ಹೇಳಿದ್ದೇನೆ.

ನನ್ನ ತಂದೆಯವರು ಅಂತಹ ಒಂದು ತೋಟದಲ್ಲಿ ಆಳಾಗಿ ಸೇರಿ ಈಗ ಮೇಸ್ತ್ರಿಯಾಗಿದ್ದಾರೆ. ಅವರು ಓದಿದುದು ನಾಲ್ಕನೆಯ ತರಗತಿ. ಬೆಳಗ್ಗೆ 7 ಗಂಟೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಗೆರೆ ನೋಡಿ ಅವರು ಹೇಳುವುದು. ಪುಸ್ತಕದಲ್ಲಿ ನಾನು ಬರೆಯುವುದು. ಪ್ರಾಥಮಿಕ ಶಾಲೆಯಲ್ಲಿದ್ದಾಗಿನಿಂದ ರಜೆಯ ದಿನಗಳಲ್ಲಿ ಇದು ನನ್ನ ಕೆಲಸವಾಗಿದ್ದಿತು. ದಶಮಾಂಶ ಬಿಂದುವನ್ನು ನಾನು ಮೊದಲು ಕಂಡುದು ಶಾಲೆಯ ಕರಿಹಲಗೆಯ ಮೇಲಲ್ಲ, ಆ ಪುಸ್ತಕದಲ್ಲಿ.

ಈ ವರ್ಷ ಭೂಗೋಳ ಶಾಸ್ತ್ರದ ಅಧ್ಯಾಪಕರು ತರಗತಿಯಲ್ಲಿ ಒಂದು ಪ್ರಶ್ನೆ ಹಾಕಿದರು. 2018ರ ಆಗಸ್ಟ್ ತಿಂಗಳಿನಲ್ಲಿ ಶಿರಾಡಿ ಘಾಟಿಯ ರಸ್ತೆಯ ಮೇಲೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಹಾದಿಯ ಮೇಲೂ ಅನೇಕ ಕಡೆ ಗುಡ್ಡ ಕುಸಿಯಿತಷ್ಟೆ. ಆ ದಿನಗಳಲ್ಲಿ ಬಿದ್ದ ಮಳೆ ಇಡೀ ದಿನ ಜಡಿಮಳೆಯಾಗಿ ಬಿದ್ದಿತೋ, ಎರಡು ಮೂರು ಗಂಟೆಗಳಲ್ಲಿ ಸುರಿದು ಹೋಯಿತೋ? ಒಂದೇ ಐದು ಇಂಚು ಮಳೆ ಹಗಲಿರುಳು ಹಂಚಿಕೊಂಡು ಬಿದ್ದರೆ ಮಣ್ಣಿನ ಮೇಲೆ ಆಗುವ ಪರಿಣಾಮವೇ ಬೇರೆ, ಮೂರು ತಾಸಿನಲ್ಲಿ ಸುರಿದರೆ ಆಗುವುದೇ ಬೇರೆ. ಕಾಫಿ ಹೂವಿನ ಮಳೆಯಾದರೂ ಹಾಗೆಯೇ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಂದು ಇಂಚು ಮಳೆ ಒಟ್ಟಿಗೆ ಬಂದರೆ ಹೂವು ಒಂದೇ ಸಲ ಬಿಳಿದಾಗಿ ಅರಳುತ್ತದೆ. ಅದೇ ಇಂಚು ಹತ್ತು ಹತ್ತು ಸೆಂಟಾಗಿ ಬಂದರೆ ಮೊಗ್ಗು ಅರ್ಧಕ್ಕೆ ನಿಲ್ಲುತ್ತದೆ. ಅಪ್ಪನ ಗಾಜು ಹೇಳುವುದು ಒಂದು ದಿನದ ಒಟ್ಟು ಮಾತ್ರ. ಗಂಟೆಯ ಲೆಕ್ಕವನ್ನು ಯಾರನ್ನು ಕೇಳುವುದು?

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ತಾನೇ ಅಳೆದು ತಾನೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದೆ. ಆದರೆ ನಮಗೆ ಬೇಕಾಗಿದ್ದುದು ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಲೆಕ್ಕ. ಆದುದರಿಂದ ಉಪಗ್ರಹದ ಕಡೆಗೆ ತಿರುಗಬೇಕಾಯಿತು. ಅಮೆರಿಕದ ನಾಸಾ ಸಂಸ್ಥೆಯೂ ಜಪಾನಿನ ಜಾಕ್ಸಾ ಸಂಸ್ಥೆಯೂ ಕೂಡಿ 2014ರಲ್ಲಿ ಮಳೆಯನ್ನು ನೋಡುವುದಕ್ಕೆಂದೇ ಒಂದು ಉಪಗ್ರಹವನ್ನು ಹಾರಿಸಿದುವು. ಅದರ ಜೊತೆಗೆ ಇತರ ಉಪಗ್ರಹಗಳ ನೋಟವನ್ನೂ ಸೇರಿಸಿ, ಹಿಂದಿನ ವರ್ಷಗಳಿಗೂ ಲೆಕ್ಕ ಹಾಕಿ ನಾಸಾ ಪ್ರಕಟಿಸುವ ದತ್ತಾಂಶಕ್ಕೆ ಐಮರ್ಗ್ ಎಂದು ಹೆಸರು. ಯಾರು ಬೇಕಾದರೂ ಹೆಸರು ನೋಂದಾಯಿಸಿ ಬಿಟ್ಟಿಯಾಗಿ ಪಡೆಯಬಹುದು. ಭೂಮಂಡಲವನ್ನು ಡಿಗ್ರಿಯ ಹತ್ತನೆಯ ಒಂದು ಭಾಗದ, ಅಂದರೆ ನಮ್ಮಲ್ಲಿ ಸುಮಾರು 11 ಕಿಲೋಮೀಟರ್ ಅಗಲದ, ಚೌಕಗಳಾಗಿ ಹೆಚ್ಚಿ, ಪ್ರತಿ ಅರ್ಧ ಗಂಟೆಗೊಂದು ಕಡತದಲ್ಲಿ ಪ್ರತಿ ಚೌಕದ ಮಳೆಯನ್ನು ಬರೆದಿಟ್ಟಿರುತ್ತಾರೆ. ಒಂದು ಕಡತದಲ್ಲಿ 3600ನ್ನು 1800ರಿಂದ ಗುಣಿಸಿದಷ್ಟು, ಎಂದರೆ 64,80,000 ಚೌಕಗಳು. ನಮ್ಮ ಎರಡು ತಾಲ್ಲೂಕುಗಳಿಗೆ ಸಲ್ಲುವುದು ಅವುಗಳಲ್ಲಿ ಇಪ್ಪತ್ತರ ಆಸುಪಾಸು! ಒಂದು ಹಿಡಿ ಕಾಫಿ ಬೀಜಕ್ಕಾಗಿ ಇಡೀ ಗೋಡೌನನ್ನು ಬಗೆಯುವಂತಹ ಕೆಲಸ.

ಲೆಕ್ಕ ಹಾಕಿ ನೋಡಿದೆ. 2001ರಿಂದ 2023ರವರೆಗೆ 23 ವರ್ಷ, ಅಧಿಕ ವರ್ಷದ ದಿನಗಳೂ ಸೇರಿ ಸರಿಯಾಗಿ 8,400 ದಿನ. ದಿನಕ್ಕೆ 48 ಕಡತದಂತೆ 4,03,200 ಕಡತಗಳು. ನಮ್ಮ ಕಾಲೇಜಿನ ಕಂಪ್ಯೂಟರು ಒಂದು ಕಡತವನ್ನು ಬಿಚ್ಚಿ, ಬೇಕಾದ ಚೌಕಗಳನ್ನು ಹೆಕ್ಕಿ, ಮುಚ್ಚುವುದಕ್ಕೆ ಎರಡು ಸೆಕೆಂಡು ತೆಗೆದುಕೊಂಡಿತು. ಆ ಪ್ರಕಾರ ಒಟ್ಟು 224 ಗಂಟೆ. ಒಂಬತ್ತು ದಿನಕ್ಕೂ ಮಿಕ್ಕಿ ಹಗಲಿರುಳು ನಿಲ್ಲದೆ ಓಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಒಂಬತ್ತು ದಿನ ಕರೆಂಟು ಹೋಗದೆ ಇರುವುದನ್ನು ಕಂಡವರು ಯಾರಾದರೂ ಇದ್ದರೆ ಈ ಲೇಖನವನ್ನು ಮುಂದೆ ಓದಬೇಕಾಗಿಲ್ಲ.

ಇಲ್ಲಿ ಒಂದು ಮಾತು. ಅಪ್ಪನ ಪುಸ್ತಕದ 8,400 ಸಾಲುಗಳನ್ನು ಕೂಡಿ ಕಳೆಯುವುದಕ್ಕೆ ಹಳೆಯ ಕಂಪ್ಯೂಟರೊಂದು ಕಣ್ಣು ಮಿಟುಕಿಸುವಷ್ಟು ಹೊತ್ತೂ ತೆಗೆದುಕೊಳ್ಳದು. ಸಣ್ಣ ಲೆಕ್ಕಕ್ಕೆ ದೊಡ್ಡ ಯಂತ್ರ ಹೂಡುವುದು ಈಚೆಗೆ ಒಂದು ಷೋಕಿಯಾಗಿದೆ. ಕೆಲಸ ಒಬ್ಬನ ಕೈ ಮೀರಿದಾಗ ಮಾತ್ರ ಆಳು ಕರೆಯುವುದು ತೋಟದ ನಿಯಮ. ಇಲ್ಲಿಯೂ ಅದೇ ಇರಬೇಕೆಂದು ನನ್ನ ಅಭಿಪ್ರಾಯ.

ಕೊಯ್ಲಿನ ಕಾಲದಲ್ಲಿ ತೋಟದಲ್ಲಿ ಏನು ಮಾಡುತ್ತಾರೆ? ಹಣ್ಣು ಒಮ್ಮೆಗೇ ಮಾಗಿ ನಿಂತಿರುತ್ತದೆ. ಲೈನಿನಲ್ಲಿರುವ ಖಾಯಂ ಆಳುಗಳು ಸಾಲರು. ಹೊರಗಿನಿಂದ ಆಳು ಕರೆತಂದು, ಪಟ್ಟೆ ಪಟ್ಟೆಯಾಗಿ ಗಿಡಗಳನ್ನು ಹಂಚಿಕೊಟ್ಟು, ಸಂಜೆ ಎಲ್ಲರ ಹಣ್ಣನ್ನೂ ಕಣದಲ್ಲಿ ಅಳೆದು ಒಟ್ಟು ಮಾಡುತ್ತಾರೆ. ಕಂಪ್ಯೂಟರಿನ ಲೋಕದಲ್ಲಿ ಇದೇ ಉಪಾಯವನ್ನು ಗೂಗಲ್ ಸಂಸ್ಥೆಯ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ ಎಂಬವರು 2004ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಹಂಚಿ ಕೊಡುವುದಕ್ಕೆ ಮ್ಯಾಪ್ ಎಂದೂ, ಒಟ್ಟು ಮಾಡುವುದಕ್ಕೆ ರೆಡ್ಯೂಸ್ ಎಂದೂ ಅವರಿಟ್ಟ ಹೆಸರು. ಅದನ್ನು ಓದಿ ಡಗ್ ಕಟಿಂಗ್ ಮೊದಲಾದವರು ಎಲ್ಲರೂ ಬಳಸಬಹುದಾದ ಹಡೂಪ್ ಎಂಬ ತಂತ್ರಾಂಶವನ್ನು ಕಟ್ಟಿದರು. ಹಡೂಪ್ ಎಂಬುದು ಕಟಿಂಗ್ ಅವರ ಮಗನ ಆಟಿಕೆಯ ಆನೆಯ ಹೆಸರಂತೆ. ಆಲೂರಿನ ಕಡೆಯವರಿಗೆ ಆನೆ ಆಟಿಕೆಯ ವಿಷಯವಲ್ಲ. ಆದರೂ ಈ ಆನೆ ಗದ್ದೆ ತುಳಿಯುವುದಿಲ್ಲ. ಅನಂತರ 2009ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಶಾಖೆಯಲ್ಲಿ ಸ್ಪಾರ್ಕ್ ಎಂಬ, ಇನ್ನೂ ವೇಗದ ತಂತ್ರಾಂಶ ಹುಟ್ಟಿತು. ನಾನು ಬಳಸಿದುದು ಇದನ್ನೇ.

ಉಪಾಯ ಸಿಕ್ಕಿತು, ಯಂತ್ರಗಳು ಬೇಕಲ್ಲ! ಅವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವ್ಯವಸ್ಥೆಗೆ ಕ್ಲೌಡ್, ಎಂದರೆ ಮೋಡ, ಎಂದು ಹೆಸರು ಬಿದ್ದಿದೆ. ಮಳೆಯ ಲೆಕ್ಕಕ್ಕೆ ಮೋಡವನ್ನೇ ಕೂಲಿಗೆ ಕರೆದಂತಾಯಿತು ಎಂದು ಗೆಳೆಯರು ಹಾಸ್ಯ ಮಾಡಿದರು. ಹೆಸರಷ್ಟೆ ಮೋಡ, ಇರುವುದು ನೆಲದ ಮೇಲೆ, ದೊಡ್ಡ ದೊಡ್ಡ ಕಟ್ಟಡಗಳಲ್ಲಿ. ಅಮೆಜಾನ್ ಸಂಸ್ಥೆ 2016ರಲ್ಲಿಯೂ ಗೂಗಲ್ 2017ರಲ್ಲಿಯೂ ಮುಂಬಯಿಯಲ್ಲಿ ತಮ್ಮ ಯಂತ್ರಶಾಲೆಗಳನ್ನು ತೆರೆದಿವೆ. ಆದರೆ ಹತ್ತಿರವಿದೆಯೆಂದು ಮುಂಬಯಿಯನ್ನೇ ಆರಿಸುವುದು ಯಾವಾಗಲೂ ಜಾಣತನವಲ್ಲ. ನಾಸಾ ತನ್ನ ಕಡತಗಳನ್ನು ಇಟ್ಟಿರುವುದು ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿರುವ ಅಮೆಜಾನಿನ ಉಗ್ರಾಣದಲ್ಲಿ. ನಾಲ್ಕು ಲಕ್ಷ ಕಡತಗಳನ್ನು ಇಲ್ಲಿಗೆ ಹೊತ್ತು ತರುವುದಕ್ಕಿಂತ ನಾಲ್ಕು ಸಾಲಿನ ಲೆಕ್ಕದ ವಿಧಾನವನ್ನು ಅಲ್ಲಿಗೆ ಕಳುಹಿಸುವುದು ಹಗುರ. ಹಣ್ಣಿರುವ ಕಡೆಗೆ ಆಳು ಹೋಗಬೇಕೇ ಹೊರತು ಗಿಡವನ್ನು ಕಿತ್ತು ಆಳಿನ ಮನೆಗೆ ತರುವವರುಂಟೆ?

ಇನ್ನು ಕೆಲಸ ಪ್ರಾರಂಭಿಸುವ ಕ್ರಮ. ಪರದೆಯ ಮೇಲೆ ಗುಂಡಿಗಳನ್ನು ಒತ್ತುತ್ತ ಹೋದರೂ ಯಂತ್ರಗಳನ್ನು ಕರೆಯಬಹುದು. ಮೊದಲು ನಾನೂ ಹಾಗೆಯೇ ಮಾಡಿದೆ. ಒಂದು ವರ್ಷದ ಲೆಕ್ಕಕ್ಕೆ ಹದಿನೈದು ಕಡೆ ಒತ್ತಬೇಕು. 23 ವರ್ಷಕ್ಕೆ ಎಷ್ಟಾಯಿತು? ಅದಕ್ಕಿಂತ ಮುಖ್ಯವಾದುದು, ನಿನ್ನೆ ಯಾವ ಗುಂಡಿ ಒತ್ತಿದೆನೆಂಬುದಕ್ಕೆ ಇಂದು ಸಾಕ್ಷಿ ಇರುವುದಿಲ್ಲ. ಲೆಕ್ಕ ತಪ್ಪಿದರೆ ಅಧ್ಯಾಪಕರಿಗೆ ತೋರಿಸುವುದೇನನ್ನು? ಆದುದರಿಂದ ಆಜ್ಞೆಗಳನ್ನೆಲ್ಲ ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟು, ಆ ಕಡತವನ್ನೇ ನಡೆಸುವುದು ಮೇಲು. ಇದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ನಾನು ಚೀಟಿ ಎಂದು ಕರೆಯುತ್ತೇನೆ, ಬೆಳಗ್ಗೆ ರೈಟರು ಮೇಸ್ತ್ರಿಯ ಕೈಗೆ ಕೊಡುವ ಚೀಟಿಯಂತೆಯೇ ಇರುವುದರಿಂದ. ಚೀಟಿಯನ್ನು ಓದಿ ನಡೆಸುವ ಮೇಸ್ತ್ರಿಗೆ ಬ್ಯಾಶ್ ಎಂದು ಹೆಸರು. 1989ರಿಂದ ಪ್ರಪಂಚದಲ್ಲೆಲ್ಲ ದುಡಿಯುತ್ತಿದ್ದಾನೆ. ಪಾಪ, ಅವನಿಗೆ ಕನ್ನಡ ಬಾರದು, ಆಜ್ಞೆಗಳನ್ನೆಲ್ಲ ಇಂಗ್ಲಿಷಿನಲ್ಲಿಯೇ ಬರೆಯಬೇಕು. ಆದರೆ ಅವನ ಇಂಗ್ಲಿಷು ನಮ್ಮ ಪರೀಕ್ಷೆಯ ಇಂಗ್ಲಿಷಿಗಿಂತ ಎಷ್ಟೋ ಸುಲಭ. ಇಪ್ಪತ್ತು ಮೂವತ್ತು ಮಾತಿನಲ್ಲಿ ಮುಗಿಯುತ್ತದೆ.

ನನ್ನ ಚೀಟಿಯಲ್ಲಿ ಮುಖ್ಯವಾಗಿ ಮೂರು ಆಜ್ಞೆಗಳಿದ್ದುವು. ಮೊದಲನೆಯದು, ಐದು ಯಂತ್ರಗಳ ಗುಂಪನ್ನು ಕಟ್ಟು: ಒಂದು ಮೇಸ್ತ್ರಿ, ನಾಲ್ಕು ಆಳು. ಎರಡನೆಯದು, ಪೈಥಾನ್ ಭಾಷೆಯಲ್ಲಿ ಬರೆದ ಲೆಕ್ಕದ ವಿಧಾನವನ್ನು ಈ ಗುಂಪಿಗೆ ಒಪ್ಪಿಸು, ಮುಗಿಯುವವರೆಗೆ ಕಾದಿರು. ಮೂರನೆಯದು, ಗುಂಪನ್ನು ಬರಖಾಸ್ತು ಮಾಡು. ಅಮೆಜಾನಿನ ಇ.ಎಂ.ಆರ್., ಗೂಗಲಿನ ಡೇಟಾಪ್ರಾಕ್ ಮೊದಲಾದ ಸೇವೆಗಳಲ್ಲಿ ಆಜ್ಞೆಯ ಮಾತುಗಳು ಬೇರೆ ಬೇರೆ; ಹದ ಒಂದೇ. ಯಾವ ವರ್ಷದ ಲೆಕ್ಕ ಬೇಕೆಂಬುದನ್ನು ಚೀಟಿಯ ಒಳಗೆ ಬರೆಯದೆ, ನಡೆಸುವಾಗ ಪಕ್ಕದಲ್ಲಿ 2018 ಎಂದೋ 2019 ಎಂದೋ ಬೆರಳಚ್ಚು ಮಾಡಿದರೆ ಸಾಕಾಗುವಂತೆ ಜಾಗ ಖಾಲಿ ಬಿಟ್ಟಿದ್ದೆ. ಫಲಿತಾಂಶವನ್ನು ಆಯಾ ವರ್ಷದ ಹೆಸರಿನ ಚೀಲದಲ್ಲಿಯೇ, ಹಳೆಯದನ್ನು ಅಳಿಸಿ ಬರೆಯುವಂತೆ ಮಾಡಬೇಕು. ಹಳೆಯದರ ಕೆಳಗೆ ಸೇರಿಸುತ್ತ ಹೋದರೆ, ಎರಡು ಸಲ ಓಡಿಸಿದ ವರ್ಷಕ್ಕೆ ಎರಡು ಸಲ ಮಳೆ ಬರುತ್ತದೆ. ಮತ್ತೊಂದು ಎಚ್ಚರ: ಖಾತೆಯ ಗುಪ್ತ ಕೀಲಿಯನ್ನು ಎಂದಿಗೂ ಚೀಟಿಯಲ್ಲಿ ಬರೆಯಕೂಡದು. ಚೀಟಿಯನ್ನು ನಾಲ್ಕು ಜನ ನೋಡುತ್ತಾರೆ.

ಒಂದೊಂದು ಆಳು ಯಂತ್ರಕ್ಕೂ ನಾಲ್ಕು ಕೈ ಎಂದು ಹಿಡಿದರೆ ಹದಿನಾರು ಕಡತಗಳನ್ನು ಏಕಕಾಲಕ್ಕೆ ಬಿಚ್ಚಬಹುದು. ಒಂದು ವರ್ಷದ 17,520 ಕಡತ ಮೂವತ್ತೇಳು ನಿಮಿಷದೊಳಗೆ ಮುಗಿಯಬೇಕು. ಯಂತ್ರವೊಂದಕ್ಕೆ ಗಂಟೆಗೆ ಸುಮಾರು ಹದಿನಾರು ರೂಪಾಯಿ, ಐದಕ್ಕೆ ಎಂಬತ್ತು. ಹಣ ಕಟ್ಟಲು ಕಾರ್ಡು ಬೇಕು. ನಮ್ಮ ಮನೆಯಲ್ಲಿ ಅಂತಹ ಕಾರ್ಡು ಯಾರ ಬಳಿಯೂ ಇಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ನನ್ನ ಅಣ್ಣ, ತನ್ನ ಕಾರ್ಡನ್ನು ಜೋಡಿಸಿಕೊಟ್ಟ. "ಇನ್ನೂರು ಮುನ್ನೂರರೊಳಗೆ ಆಗುತ್ತೆ ತಾನೆ?" ಎಂದು ಕೇಳಿದ. ಆಗುತ್ತದೆಂದು ನಾನು ಧೈರ್ಯವಾಗಿ ಹೇಳಿದೆ.

ಆ ಶುಕ್ರವಾರ ಮಧ್ಯಾಹ್ನ 2018ನ್ನು ಓಡಿಸಿದೆ. ಯಂತ್ರಗಳು ಎದ್ದುವು, ಕೆಲಸ ನಡೆಯುತ್ತಿದೆಯೆಂದು ಪರದೆ ಹೇಳಿತು. ಅರ್ಧ ದಾರಿಯಲ್ಲಿ ಎಲ್ಲಿಯೋ ಪೂರ್ತಿಯಾಗಿ ಇಳಿಯದಿದ್ದ ಒಂದು ಹರಕು ಕಡತ ಸಿಕ್ಕಿತು. ಲೆಕ್ಕ ಮುರಿದು, ಕೆಂಪು ಅಕ್ಷರದಲ್ಲಿ ತಪ್ಪು ಎಂದು ಬಂದಿತು. ಚೀಟಿಯೂ ಅಲ್ಲಿಗೇ ನಿಂತಿತು. ಗಂಟೆ ನಾಲ್ಕಾಗಿದ್ದಿತು. ಊರಿನ ಬಸ್ಸು ತಪ್ಪಿಸಿಕೊಳ್ಳುವಂತಿರಲಿಲ್ಲ. ಕೆಲಸ ನಿಂತಿತು, ಆದುದರಿಂದ ಯಂತ್ರಗಳೂ ನಿಂತುವೆಂದು ತಿಳಿದು ಮನೆಗೆ ಹೋದೆ.

ಸೋಮವಾರ 10 ಗಂಟೆಗೆ ಬಂದು ನೋಡುತ್ತೇನೆ, ಐದೂ ಯಂತ್ರಗಳು ಕೆಲಸವಿಲ್ಲದೆ ಕುಳಿತಿವೆ! 66 ಗಂಟೆ, ಗಂಟೆಗೆ 80ರಂತೆ 5,280 ರೂಪಾಯಿ. ಅಪ್ಪನ ಹನ್ನೆರಡು ದಿನದ ಕೂಲಿ. ಫಲಿತಾಂಶದ ಚೀಲದಲ್ಲಿ ಒಂದು ಹನಿ ಮಳೆಯೂ ಇರಲಿಲ್ಲ.

ಬಾಡಿಗೆಗೆ ಕೊಟ್ಟವರದು ಇದರಲ್ಲಿ ಲವಲೇಶವೂ ತಪ್ಪಿಲ್ಲ. ತಪ್ಪು ನನ್ನ ಚೀಟಿಯ ಎರಡನೆಯ ಸಾಲಿನಲ್ಲಿದ್ದಿತು. ಪುಸ್ತಕಗಳಲ್ಲಿ ಹೇಳಿದಂತೆ ನಾನು ಅಲ್ಲಿ "ಸೆಟ್ ಇ" ಎಂಬ ಆಜ್ಞೆ ಬರೆದಿದ್ದೆ. ಪ್ರತಿಯೊಂದು ಆಜ್ಞೆಯೂ ಮುಗಿದಾಗ ಬ್ಯಾಶ್‌ಗೆ ಒಂದು ಅಂಕಿಯನ್ನು ಒಪ್ಪಿಸುತ್ತದೆ. ಸೊನ್ನೆಯಾದರೆ ಕೆಲಸ ಸರಿಯಾಯಿತೆಂದೂ, ಬೇರೆ ಯಾವ ಅಂಕಿಯಾದರೂ ಕೆಟ್ಟಿತೆಂದೂ ಅರ್ಥ. (ಪರೀಕ್ಷೆಯಲ್ಲಿ ಸೊನ್ನೆ ಪಡೆದವರಿಗೆ ಇದೊಂದು ಸಮಾಧಾನ.) "ಸೆಟ್ ಇ" ಎಂದರೆ, ಸೊನ್ನೆಯಲ್ಲದ ಅಂಕಿ ಬಂದ ಕೂಡಲೆ ಚೀಟಿಯನ್ನು ಅಲ್ಲಿಯೇ ಬಿಡು ಎಂದು. ಕೆಟ್ಟ ಲೆಕ್ಕದ ಮೇಲೆ ಮುಂದಿನ ಲೆಕ್ಕ ಕಟ್ಟದಿರಲೆಂದು ಮಾಡಿರುವ ಒಳ್ಳೆಯ ನಿಯಮವೇ ಅದು. ಆದರೆ ಲೆಕ್ಕ ಒಪ್ಪಿಸುವ ಸಾಲು ಕೆಟ್ಟುದರಿಂದ ಅದರ ಕೆಳಗಿದ್ದ ಬರಖಾಸ್ತಿನ ಸಾಲಿಗೆ ಬ್ಯಾಶ್ ಬರಲೇ ಇಲ್ಲ. ಎಲ್ಲವೂ ಸರಿಹೋದಾಗ ಮಾತ್ರ ಆಳುಗಳನ್ನು ಮನೆಗೆ ಕಳುಹಿಸು ಎಂದು ನಾನು ಬರೆದಂತಾಗಿದ್ದಿತು. ತೋಟದ ಆಳಿಗೆ ಹೊತ್ತು ಮುಳುಗುವುದು ಗೊತ್ತು, ಹೇಳದಿದ್ದರೂ ಮನೆಗೆ ಹೋಗುತ್ತಾನೆ. ಯಂತ್ರಕ್ಕೆ ಹೊತ್ತು ಮುಳುಗುವುದಿಲ್ಲ.

ಎರಡು ದಿನ ಮನೆಯಲ್ಲಿ ಹೇಳಲಿಲ್ಲ. ಮೂರನೆಯ ದಿನ ಅಪ್ಪನಿಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದು, "ಕೆಲ್ಸ ನಿಂತ್ಮೇಲೆ ಆಳು ಮನಿಗೆ ಹೋದ್ವಾ ಅಂತ ನೋಡ್ಬೇಡ್ವೇನೋ? ಚೆಕ್‌ರೋಲ್ ಯಾರ್ ಮುಚ್ಚಿದ್ರು?" ಎಂದರು. ಮೂರು ದಿನ ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದುದನ್ನು ಅವರು ಒಂದೇ ಮಾತಿನಲ್ಲಿ ಕೇಳಿಬಿಟ್ಟರು. ಅಣ್ಣನ ಹಣವನ್ನು ಡಿಸೆಂಬರಿನ ಭಾನುವಾರಗಳಲ್ಲಿಯೂ ರಜೆಯಲ್ಲಿಯೂ ಅರೇಬಿಕಾ ಹಣ್ಣು ಕೊಯ್ದು ತೀರಿಸಿದೆ.

ಪರಿಹಾರ ಕಷ್ಟವಾದುದಲ್ಲ. ಬ್ಯಾಶ್‌ನಲ್ಲಿ "ಟ್ರ್ಯಾಪ್" ಎಂಬ ಮಾತಿದೆ. ಚೀಟಿ ಯಾವ ಕಾರಣದಿಂದಲೇ ಆಗಲಿ ಮುಗಿಯುವಾಗ, ಸರಿಯಾಗಿ ಮುಗಿದರೂ, ತಪ್ಪಿನಿಂದ ನಿಂತರೂ, ನಾನೇ ನಡುವೆ ನಿಲ್ಲಿಸಿದರೂ, ಹೊರಡುವ ಮುನ್ನ ಈ ಕೆಲಸವನ್ನು ಮಾಡಿಯೇ ಹೊರಡು ಎಂದು ಮೊದಲೇ ಹೇಳಿಡುವ ಆಜ್ಞೆ ಅದು. ಉಣುಗೋಲು ದಾಟಿದವನು ಅದನ್ನು ಹಾಕಿಯೇ ಮುಂದೆ ಹೋಗಬೇಕೆಂಬ ಕಟ್ಟಳೆಯ ಹಾಗೆ. ಬರಖಾಸ್ತಿನ ಆಜ್ಞೆಯನ್ನು ಕೊನೆಯ ಸಾಲಿನಿಂದ ಕಿತ್ತು ಟ್ರ್ಯಾಪಿನ ಒಳಗೆ ಇಟ್ಟು, ಆ ಸಾಲನ್ನು ಚೀಟಿಯ ಮೇಲ್ಭಾಗಕ್ಕೆ, ಯಂತ್ರಗಳನ್ನು ಕರೆಯುವ ಆಜ್ಞೆಗಿಂತ ಮೊದಲೇ ತಂದೆ. ಆಳು ಬರುವ ಮುಂಚೆಯೇ ಆಳು ಹೋಗುವ ಏರ್ಪಾಡು! ಆದರೆ ಇಷ್ಟೂ ಸಾಲದು. ಕಾಲೇಜಿನ ಕಂಪ್ಯೂಟರಿಗೇ ಕರೆಂಟು ಹೋದರೆ ಬ್ಯಾಶ್ ಮೇಸ್ತ್ರಿಯೇ ಸತ್ತಂತೆ, ಟ್ರ್ಯಾಪ್ ಹೇಳುವವರಾರು? ಅದಕ್ಕಾಗಿ ಯಂತ್ರಗಳ ಕಡೆಯಲ್ಲಿಯೇ ಎರಡನೆಯ ಕಾವಲಿಡಬೇಕು. ಗೂಗಲಿನ ಸೇವೆಯಲ್ಲಿ ಗುಂಪನ್ನು ಕಟ್ಟುವಾಗಲೇ ಇಷ್ಟು ಹೊತ್ತು ಕೆಲಸವಿಲ್ಲದೆ ಕುಳಿತರೆ ತಾನಾಗಿ ಚದುರಲಿ ಎಂದು ಹೇಳಬಹುದು. ಅಮೆಜಾನಿನದರಲ್ಲಿ ಒಪ್ಪಿಸಿದ ಕೆಲಸಗಳು ಮುಗಿದೊಡನೆ ಗುಂಪು ಮುಚ್ಚಿಹೋಗಲಿ ಎಂದು ಹೇಳಬಹುದು. ಗುಂಪು ಕಟ್ಟುವ ಗೋಜೇ ಇಲ್ಲದೆ ಕೆಲಸವನ್ನಷ್ಟೇ ಒಪ್ಪಿಸುವ ಬಗೆಯೂ ಈಗ ಬಂದಿದೆ.

ಹರಕು ಕಡತ ಸಿಕ್ಕರೆ ಅದರ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆದು ಮುಂದೆ ಹೋಗುವಂತೆ ಲೆಕ್ಕವನ್ನು ತಿದ್ದಿ, ಮೊದಲು ಒಂದು ದಿನ, ಆಮೇಲೆ ಒಂದು ತಿಂಗಳು ಓಡಿಸಿ ನೋಡಿ, ಕೊನೆಗೆ 23 ವರ್ಷಗಳನ್ನೂ ಸಾಲಾಗಿ ನಡೆಸಿದೆ. ಹದಿನಾಲ್ಕು ಗಂಟೆಗಳ ಮೇಲೆ ಸ್ವಲ್ಪ ಹಿಡಿಯಿತು. ಖರ್ಚು ಸಾವಿರದ ಇನ್ನೂರರೊಳಗೆ. ಇಡೀ ಕೆಲಸದ ಕೂಲಿಗಿಂತ ಸುಮ್ಮನೆ ಕುಳಿತುದರ ಕೂಲಿ ನಾಲ್ಕು ಪಟ್ಟಿಗಿಂತ ಹೆಚ್ಚು ಎಂಬುದನ್ನು ಅರ್ಥಶಾಸ್ತ್ರದ ಗೆಳೆಯರು ಗಮನಿಸಬಹುದು.

ಫಲಿತಾಂಶ ಬಂದ ಮೇಲೂ ಮೂರು ಕಡೆ ಎಡವಿದೆ. ಮೊದಲ ಸಲ ನಮ್ಮೂರಿಗೆ ಎರಡರಷ್ಟು ಮಳೆ ಬಿದ್ದಿದ್ದಿತು! ಉಪಗ್ರಹದ ಕಡತ ಕೊಡುವುದು ಗಂಟೆಗೆ ಇಷ್ಟು ಮಿಲಿಮೀಟರ್ ಎಂಬ ವೇಗವನ್ನು. ಕಡತ ಅರ್ಧ ಗಂಟೆಯದಾದುದರಿಂದ ಅದನ್ನು ಅರ್ಧ ಮಾಡಿ ಕೂಡಬೇಕು. ಎರಡನೆಯದು, ಆ ಕಡತಗಳ ಗಡಿಯಾರ ಗ್ರೀನಿಚ್ಚಿನದು, ನಮಗಿಂತ ಐದೂವರೆ ಗಂಟೆ ಹಿಂದೆ. ಅಪ್ಪ ಅಳೆಯುವ 7 ಗಂಟೆ ಅಲ್ಲಿ ರಾತ್ರಿ 1:30. ಮೂರನೆಯದು ಎಲ್ಲಕ್ಕಿಂತ ಹೆಚ್ಚು ಕಾಡಿತು. ಹವಾಮಾನ ಇಲಾಖೆಯವರು ಬೆಳಗ್ಗೆ 8:30ಕ್ಕೆ ಅಳೆದ ಮಳೆಯನ್ನು ಅಳೆದ ದಿನದ ಹೆಸರಿಗೇ ಬರೆಯುತ್ತಾರೆ. ಅಪ್ಪನ ಪುಸ್ತಕದಲ್ಲಿ ಅದು ನಿನ್ನೆಯ ಮಳೆ. ನಿನ್ನೆಯ ಮುಂದೆಯೇ ಬರೆಯುವುದು ಪದ್ಧತಿ. ನಾನು ಇಲಾಖೆಯ ಕ್ರಮವೇ ಎಲ್ಲ ಕಡೆಗೂ ಎಂದು ತಿಳಿದು ಹೋಲಿಸಿದುದರಿಂದ, ಮಳೆ ಬಿದ್ದ ದಿನ ಉಪಗ್ರಹ ಬರಿದೆಂದೂ, ಮಾರನೆಯ ದಿನ ಪುಸ್ತಕ ಬರಿದೆಂದೂ ಕಂಡಿತು. ಉಪಗ್ರಹವೇ ಸುಳ್ಳೆಂದು ಒಂದು ವಾರ ದೂರುತ್ತಿದ್ದೆ. ಪುಸ್ತಕವನ್ನು ಬರೆದವನು ನಾನೇ ಎಂಬುದನ್ನು ವಾಚಕರು ಮರೆತಿಲ್ಲವಷ್ಟೆ.

ಇವನ್ನೆಲ್ಲ ಸರಿಪಡಿಸಿದ ಮೇಲೆ ಕಂಡುದು ಇಷ್ಟು. ಮಳೆ ಯಾವ ಹೊತ್ತಿಗೆ ಶುರುವಾಯಿತು, ಯಾವಾಗ ಬಿರುಸಾಯಿತು, ಎಷ್ಟು ಹೊತ್ತು ಬಿಡುವು ಕೊಟ್ಟಿತು ಎಂಬುದನ್ನು ಉಪಗ್ರಹ ತೃಪ್ತಿಕರವಾಗಿ ಹೇಳುತ್ತದೆ. ಎಷ್ಟು ಬಿದ್ದಿತು ಎಂಬಲ್ಲಿ ಮಾತ್ರ ಜೂನ್‌ನಿಂದ ಆಗಸ್ಟ್‌ವರೆಗಿನ ದಿನಗಳಲ್ಲಿ ಅಪ್ಪನ ಗಾಜಿಗಿಂತ ಕಡಿಮೆ ಹೇಳುತ್ತದೆ. ಇದು ನನ್ನೊಬ್ಬನ ಅನುಭವವಲ್ಲ. ಪಶ್ಚಿಮಘಟ್ಟಗಳ ಮೇಲೆ ಉಪಗ್ರಹಗಳು ಮಳೆಯನ್ನು ಕಡಿಮೆ ಕಾಣುತ್ತವೆಂಬುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಕಾರಣವೂ ಸ್ವಾರಸ್ಯವಾಗಿದೆ. ಎತ್ತರಕ್ಕೆ ಬೆಳೆದು ತುದಿಯಲ್ಲಿ ಹಿಮಗಟ್ಟಿದ ಮೋಡವನ್ನು ಮೇಲಿನಿಂದ ಗುರುತಿಸುವುದು ಸುಲಭ. ನಮ್ಮ ಘಟ್ಟದ ಮುಂಗಾರು ಮೋಡವಾದರೋ ಬಹುಮಟ್ಟಿಗೆ ಗಿಡ್ಡ. ಸಮುದ್ರದ ಗಾಳಿ ಬೆಟ್ಟಕ್ಕೆ ಬಡಿದು ಏರುವಾಗ ಕೆಳಮಟ್ಟದಲ್ಲಿಯೇ ಕರಗಿ ಸುರಿಯುತ್ತದೆ. ಮೇಲಿನಿಂದ ನೋಡುವ ಕಣ್ಣಿಗೆ ಅದು ಬಡ ಮೋಡ. ಅಲ್ಲದೆ ಒಂದು ಚೌಕವೆಂದರೆ ಸುಮಾರು 120 ಚದರ ಕಿಲೋಮೀಟರ್. ಘಟ್ಟದಂಚಿನಿಂದ ಆಲೂರಿನ ಕಡೆಗೆ ಬರುತ್ತ ಬರುತ್ತ ಮಳೆ ಎಷ್ಟು ಬೇಗ ಇಳಿಯುತ್ತದೆಂಬುದನ್ನು ಬಸ್ಸಿನ ಕಿಟಕಿಯಿಂದ ನೋಡಿದವರೆಲ್ಲ ಬಲ್ಲರು. ಚೌಕಕ್ಕೆ ಅದು ಸರಾಸರಿಯಾಗಿ ಮಾತ್ರ ತಿಳಿಯುತ್ತದೆ.

ಆದುದರಿಂದ ಈಗ ಮಾಡುತ್ತಿರುವುದು, ದಿನದ ಒಟ್ಟನ್ನು ಗಾಜಿನಿಂದ ತೆಗೆದುಕೊಂಡು, ಅದನ್ನು ಅರ್ಧ ಗಂಟೆಗಳಿಗೆ ಹಂಚುವ ಪ್ರಮಾಣವನ್ನು ಉಪಗ್ರಹದಿಂದ ತೆಗೆದುಕೊಳ್ಳುವುದು. 2018ರ ಆಗಸ್ಟ್ ತಿಂಗಳನ್ನು ಹೀಗೆ ಹಂಚಿ ಬರೆದ ನಕ್ಷೆಯನ್ನು ಅಧ್ಯಾಪಕರಿಗೆ ಒಪ್ಪಿಸಿದ್ದೇನೆ. ಅವರು ಕೆಂಪು ಶಾಯಿಯಲ್ಲಿ ಹಾಕಿರುವ ಪ್ರಶ್ನೆಗಳಿಗೆ ಇನ್ನೂ ಉತ್ತರ ಬರೆಯಬೇಕಾಗಿದೆ.

2024ರ ಜುಲೈ ತಿಂಗಳಿನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ರೈಲುಹಾದಿ ಮತ್ತೆ ಕುಸಿಯಿತು. ಆ ವರ್ಷದ ಲೆಕ್ಕವನ್ನು ನಾನು ಓಡಿಸಿಲ್ಲ, ಪರೀಕ್ಷೆ ಹತ್ತಿರವಾಯಿತು. ಮುಂದಿನ ವರ್ಷದ ಭೂಗೋಳ ವಿದ್ಯಾರ್ಥಿಗಳು ಯಾರಾದರೂ ಮಾಡುವುದಾದರೆ ಚೀಟಿಯ ಪ್ರತಿಯನ್ನೂ, ಮಳೆಪುಸ್ತಕದ ನಕಲನ್ನೂ ವಿಭಾಗದ ಬೀರುವಿನಲ್ಲಿ ಇಟ್ಟಿದ್ದೇನೆ. ಪಕ್ಕದಲ್ಲಿ 2024 ಎಂದು ಬೆರಳಚ್ಚು ಮಾಡಿದರೆ ಸಾಕು. ಖಾತೆಯ ಹೆಸರನ್ನು ಬದಲಾಯಿಸಿಕೊಳ್ಳಿರಿ. ಉಳಿದ ಸಾಲುಗಳನ್ನು ನಿಮ್ಮ ಇಷ್ಟದಂತೆ ತಿದ್ದಬಹುದು. ಟ್ರ್ಯಾಪ್ ಎಂದು ಪ್ರಾರಂಭವಾಗುವ ಮೂರನೆಯ ಸಾಲನ್ನು ಮಾತ್ರ ಮುಟ್ಟಬೇಡಿರಿ.